ಸಾರ್ವಜನಿಕ ನೀತಿ ಮತ್ತು ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿಗಳು

ಸರ್ಕಾರ ಏನು ಮಾಡಬೇಕೆಂದು ತೀರ್ಮಾನಿಸುವ ಬಗೆಯನ್ನೂ ತೀರ್ಮಾನಿಸಿದ್ದನ್ನು ಮಾಡಿ ಮುಗಿಸುವ ಬಗೆಯನ್ನೂ ಮೊದಲ ಪದವಿ ಪಡೆದವರಿಗೆ ಕಲಿಸುವ ವಿಶ್ವವಿದ್ಯಾನಿಲಯ ವ್ಯಾಸಂಗಗಳು. ಇವುಗಳಲ್ಲಿ ಎರಡು ಮುಖ್ಯ. ಹಳೆಯದು ಮಾಸ್ಟರ್ ಆಫ್ ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಅಥವಾ ಎಂಪಿಎ. ಸುಮಾರು ಅರ್ಧ ಶತಮಾನದ ನಂತರ ಬಂದದ್ದು ಮಾಸ್ಟರ್ ಆಫ್ ಪಬ್ಲಿಕ್ ಪಾಲಿಸಿ ಅಥವಾ ಎಂಪಿಪಿ. ಭಾರತದಲ್ಲಿ ಇವುಗಳ ಜೊತೆಗೆ, ಇವಕ್ಕಿಂತ ಹೆಚ್ಚು ಪ್ರಚಾರದಲ್ಲಿರುವುದು ಸಾರ್ವಜನಿಕ ಆಡಳಿತದ ಎಂ.ಎ. ವೃತ್ತಿಶಿಕ್ಷಣದ ರೂಪದಲ್ಲಿ ಈ ಪದವಿಗಳು ಹುಟ್ಟಿದ್ದು ಅಮೆರಿಕದಲ್ಲಿ. ಈಗ ಏಷ್ಯಾ, ಯುರೋಪು, ಲ್ಯಾಟಿನ್ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿಯೂ ನೆಲೆ ಕಂಡಿವೆ.

ಪರಿಭಾಷೆ

ಆಡಳಿತ ಎಂದರೆ ತೀರ್ಮಾನವಾದದ್ದನ್ನು ಜಾರಿಗೆ ತರುವ ಕೆಲಸ. ಇಲಾಖೆ, ಸಿಬ್ಬಂದಿ, ಕಡತ, ಆಯವ್ಯಯ ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಸಾರ್ವಜನಿಕ ನೀತಿ ಎಂದರೆ ಸರ್ಕಾರ ಮಾಡಲು, ಇಲ್ಲವೇ ಮಾಡದೆ ಬಿಡಲು, ಆರಿಸಿಕೊಂಡ ಕ್ರಮ. ಕನ್ನಡದ ನೀತಿ ಎಂಬ ಮಾತಿಗೆ ಸದಾಚಾರ ಎಂಬ ಅರ್ಥವೂ ಇರುವುದರಿಂದ ಕೆಲವು ಪಠ್ಯಗಳು ಕಾರ್ಯನೀತಿ ಅಥವಾ ಧೋರಣೆ ಎಂದು ಬರೆಯುತ್ತವೆ. ಈ ಲೇಖನದಲ್ಲಿ ನೀತಿ ಎಂಬುದನ್ನು ಸರ್ಕಾರದ ಕ್ರಮ ಎಂಬ ಅರ್ಥದಲ್ಲಿ ಮಾತ್ರ ಬಳಸಿದೆ. ಪದವಿ ಎಂಬ ಮಾತೂ ಇಬ್ಬಗೆಯದು: ವಿಶ್ವವಿದ್ಯಾನಿಲಯ ಕೊಡುವುದೂ ಪದವಿ, ಸರ್ಕಾರ ಕೊಡುವ ಅಧಿಕಾರಸ್ಥಾನವೂ ಪದವಿ. ಗೊಂದಲವಾಗದಂತೆ ಎರಡನೆಯದನ್ನು ಇಲ್ಲಿ ಹುದ್ದೆ ಎಂದು ಕರೆದಿದೆ. ಈ ಎರಡರ ನಡುವಿನ ಸಂಬಂಧ ದೇಶದಿಂದ ದೇಶಕ್ಕೆ ಬೇರೆಯಾಗಿರುವುದೇ ಈ ವ್ಯಾಸಂಗಗಳ ಇತಿಹಾಸದ ಮುಖ್ಯ ಎಳೆ.

ಹಿನ್ನೆಲೆ

ಅಧಿಕಾರಿಗಳಿಗಾಗಿಯೇ ವಿಶ್ವವಿದ್ಯಾನಿಲಯದಲ್ಲಿ ಬೋಧನೆ ಏರ್ಪಡಿಸಿದ ಆರಂಭದ ನಿದರ್ಶನ ಪ್ರಷ್ಯದ್ದು. ಅಲ್ಲಿನ ದೊರೆ ಒಂದನೇ ಫ್ರೆಡರಿಕ್ ವಿಲಿಯಂ 1727ರಲ್ಲಿ ಹಾಲೆ ಮತ್ತು ಓಡರ್ ನದಿ ದಂಡೆಯ ಫ್ರಾಂಕ್‌ಫರ್ಟ್ ವಿಶ್ವವಿದ್ಯಾನಿಲಯಗಳಲ್ಲಿ ಕ್ಯಾಮರಲ್ ವಿದ್ಯೆಗೆ ಪೀಠಗಳನ್ನು ಸ್ಥಾಪಿಸಿದ. ಬೊಕ್ಕಸ, ಕೃಷಿ, ವ್ಯಾಪಾರ, ಪೊಲೀಸು ಇವುಗಳ ನಿರ್ವಹಣೆ ಈ ವಿದ್ಯೆಯ ವಿಷಯ.

ಈಸ್ಟ್ ಇಂಡಿಯಾ ಕಂಪನಿ ತನ್ನ ಎಳೆಯ ಅಧಿಕಾರಿಗಳಿಗಾಗಿ ಕಲ್ಕತ್ತೆಯಲ್ಲಿ 1800ರಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನೂ ಇಂಗ್ಲೆಂಡಿನಲ್ಲಿ 1806ರಲ್ಲಿ, ಮುಂದೆ ಹೇಲಿಬರಿ ಎಂದು ಹೆಸರಾದ ಕಾಲೇಜನ್ನೂ ತೆರೆಯಿತು. ಮದ್ರಾಸಿನಲ್ಲಿ 1812ರಲ್ಲಿ ಆರಂಭವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ತಮಿಳು, ತೆಲುಗುಗಳೊಂದಿಗೆ ಕನ್ನಡವನ್ನೂ ಕಲಿಸುತ್ತಿತ್ತು. ಜಾನ್ ಮೆಕೆರೆಲ್‌ನ ಕನ್ನಡ ವ್ಯಾಕರಣ 1820ರಲ್ಲಿ ಹೊರಬಂದದ್ದು ಈ ಪರಿಸರದಲ್ಲಿಯೇ. ಈ ಕಾಲೇಜುಗಳಿಗೆ ಬರುತ್ತಿದ್ದವರಿಗೆ ಹುದ್ದೆ ಮೊದಲೇ ಖಚಿತವಾಗಿರುತ್ತಿತ್ತು, ಕಲಿಕೆ ಅದರ ಹಿಂದೆ ಬರುತ್ತಿತ್ತು.

1854ರಲ್ಲಿ ಬ್ರಿಟನ್ನಿನಲ್ಲಿ ಎರಡು ವರದಿಗಳು ಬಂದವು. ದೇಶದೊಳಗಿನ ಸೇವೆಗೆ ಸಂಬಂಧಿಸಿದ್ದು ನಾರ್ತ್‌ಕೋಟ್-ಟ್ರೆವೆಲಿಯನ್ ವರದಿ, ಭಾರತದ ಸೇವೆಗೆ ಸಂಬಂಧಿಸಿದ್ದು ಮೆಕಾಲೆ ಸಮಿತಿಯ ವರದಿ. ಮುಕ್ತ ಸ್ಪರ್ಧಾ ಪರೀಕ್ಷೆಯಿಂದ ಅಧಿಕಾರಿಗಳನ್ನು ಆರಿಸಬೇಕೆಂಬುದು ಎರಡರ ಸಲಹೆ. ಆದರೆ ಪರೀಕ್ಷೆಯಲ್ಲಿ ಕೇಳಬೇಕಾದದ್ದು ಆಡಳಿತದ ಜ್ಞಾನವಲ್ಲ. ಸಾಹಿತ್ಯ, ಗಣಿತ, ಇತಿಹಾಸಗಳಲ್ಲಿ ಪಳಗಿದ ಬುದ್ಧಿ ಯಾವ ಕೆಲಸವನ್ನಾದರೂ ಕಲಿತುಕೊಳ್ಳುತ್ತದೆ ಎಂಬುದು ಅವುಗಳ ನಂಬಿಕೆ. ಈ ಸಾಮಾನ್ಯಜ್ಞ ಅಧಿಕಾರಿಯ ಕಲ್ಪನೆ ಬ್ರಿಟನ್ನಿನಲ್ಲಿಯೂ ಭಾರತದಲ್ಲಿಯೂ ಗಟ್ಟಿಯಾಗಿ ನಿಂತಿತು. ಮೈಸೂರು ಸಂಸ್ಥಾನವೂ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ತನ್ನದೇ ಸಿವಿಲ್ ಸರ್ವಿಸ್ ಪರೀಕ್ಷೆಯನ್ನು ಆರಂಭಿಸಿತು.

ಅಮೆರಿಕ ಬೇರೆ ದಾರಿ ಹಿಡಿಯಿತು. ಅಲ್ಲಿ 1883ರ ಪೆಂಡಲ್‌ಟನ್ ಕಾಯ್ದೆ ಪಕ್ಷದ ಬೆಂಬಲಿಗರಿಗೆ ಹುದ್ದೆ ಹಂಚುವ ಪದ್ಧತಿಗೆ ಕಡಿವಾಣ ಹಾಕಿತು. ಪರೀಕ್ಷೆ ಆಯಾ ಹುದ್ದೆಯ ಕೆಲಸಕ್ಕೆ ಹೊಂದುವ, ವ್ಯಾವಹಾರಿಕ ಸ್ವರೂಪದ್ದಾಗಿರಬೇಕು ಎಂದು ವಿಧಿಸಿತು. ಕೆಲಸದ ಜ್ಞಾನಕ್ಕೆ ಪರೀಕ್ಷೆಯಿದ್ದರೆ ಆ ಜ್ಞಾನವನ್ನು ಕಲಿಸುವ ಶಾಲೆಗೂ ಅವಕಾಶವುಂಟು. ವೃತ್ತಿಪದವಿ ಲಂಡನ್ನಿನಲ್ಲಿ ಹುಟ್ಟದೆ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ್ದಕ್ಕೆ ಇದು ದೊಡ್ಡ ಕಾರಣ.

ಎಂಪಿಎ ಪದವಿಯ ಉಗಮ

ಮುಂದೆ ಅಮೆರಿಕದ ಅಧ್ಯಕ್ಷರಾದ ವುಡ್ರೊ ವಿಲ್ಸನ್ 1887ರಲ್ಲಿ ಬರೆದ ಲೇಖನವೊಂದು ಆಡಳಿತವನ್ನು ರಾಜಕಾರಣದಿಂದ ಬೇರೆಯಾದ ಅಧ್ಯಯನ ಕ್ಷೇತ್ರವೆಂದು ಪ್ರತಿಪಾದಿಸಿತು. ಆದರೆ ಬೋಧನೆಗೆ ಚಾಲನೆ ಕೊಟ್ಟದ್ದು ನಗರಾಡಳಿತದ ಸುಧಾರಣೆ. ನ್ಯೂಯಾರ್ಕಿನ ಪೌರಾಡಳಿತ ಸಂಶೋಧನಾ ಸಂಸ್ಥೆ 1906ರಲ್ಲಿ ಆರಂಭವಾಗಿ ನಗರದ ಲೆಕ್ಕಪತ್ರ, ಗುತ್ತಿಗೆ, ನೈರ್ಮಲ್ಯಗಳನ್ನು ಅಂಕಿ ಅಂಶ ಹಿಡಿದು ಪರಿಶೀಲಿಸತೊಡಗಿತು. ಅದೇ ಸಂಸ್ಥೆ 1911ರಲ್ಲಿ ಸಾರ್ವಜನಿಕ ಸೇವೆಗೆ ತರಬೇತಿ ಶಾಲೆ ತೆರೆಯಿತು. ಇದರ ಬೋಧನೆ 1924ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾನಿಲಯಕ್ಕೆ ಬಂದು, ಜಾರ್ಜ್ ಮ್ಯಾಕ್ಸ್‌ವೆಲ್ ಅವರ ದಾನದಿಂದ ಮ್ಯಾಕ್ಸ್‌ವೆಲ್ ಶಾಲೆಯಾಯಿತು. ಎಂಪಿಎ ಪದವಿಯ ಮೂಲವನ್ನು ಸಾಮಾನ್ಯವಾಗಿ ಇಲ್ಲಿಗೇ ಒಯ್ಯಲಾಗುತ್ತದೆ. 1926ರಲ್ಲಿ ಲೆನಾರ್ಡ್ ವೈಟ್ ಈ ಶಾಸ್ತ್ರದ ಮೊದಲ ಪಠ್ಯಪುಸ್ತಕ ಬರೆದರು.

ಆರ್ಥಿಕ ಮಹಾಕುಸಿತದ ನಂತರ ಒಕ್ಕೂಟ ಸರ್ಕಾರದ ಕೆಲಸ ಬೆಳೆದಂತೆ ಶಾಲೆಗಳೂ ಬೆಳೆದವು. ಲೂಷಿಯಸ್ ಲಿಟಾವರ್ ಕೊಟ್ಟ ದಾನದಿಂದ ಹಾರ್ವರ್ಡ್ 1936ರಲ್ಲಿ ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಶಾಲೆಯನ್ನು ಸ್ಥಾಪಿಸಿತು. 1966ರಲ್ಲಿ ಅದಕ್ಕೆ ಜಾನ್ ಎಫ್. ಕೆನಡಿ ಅವರ ಹೆಸರಿಟ್ಟರು. ಆ ಕಾಲದ ಪಠ್ಯದ ತಿರುಳು ಲೂಥರ್ ಗುಲಿಕ್ 1937ರಲ್ಲಿ ಹೇಳಿದ ಪೋಸ್ಡ್‌ಕಾರ್ಬ್ ಸೂತ್ರ: ಯೋಜಿಸು, ಸಂಘಟಿಸು, ಸಿಬ್ಬಂದಿ ಒದಗಿಸು, ನಿರ್ದೇಶಿಸು, ಸಮನ್ವಯಿಸು, ವರದಿ ಮಾಡು, ಆಯವ್ಯಯ ಸಿದ್ಧಪಡಿಸು. ಹತ್ತು ವರ್ಷ ಕಳೆಯುವುದರೊಳಗೆ ಹರ್ಬರ್ಟ್ ಸೈಮನ್ ಇಂಥ ಸೂತ್ರಗಳು ಗಾದೆಗಳಿದ್ದಂತೆ, ಒಂದಕ್ಕೊಂದು ವಿರುದ್ಧವಾದವು ಎಂದು ತೋರಿಸಿದರು. ಡ್ವೈಟ್ ವಾಲ್ಡೊ 1948ರಲ್ಲಿ, ರಾಜಕಾರಣ ಬೆರೆಯದ ಶುದ್ಧ ಆಡಳಿತ ಎಂಬ ಕಲ್ಪನೆಯನ್ನೇ ಪ್ರಶ್ನಿಸಿದರು.

ನೀತಿ ಶಾಲೆಗಳು

ಹೆರಾಲ್ಡ್ ಲ್ಯಾಸ್‌ವೆಲ್ ಮತ್ತು ಡೇನಿಯಲ್ ಲರ್ನರ್ 1951ರಲ್ಲಿ ಸಂಪಾದಿಸಿದ ಗ್ರಂಥ ನೀತಿವಿಜ್ಞಾನ ಎಂಬ ಹೆಸರನ್ನು ಬಳಕೆಗೆ ತಂದಿತು. ಶಾಲೆಗಳು ಹುಟ್ಟಲು ಇನ್ನೂ ಒಂದೂವರೆ ದಶಕ ಬೇಕಾಯಿತು. ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ ಅವರ ಇಲಾಖೆಯಲ್ಲಿ 1961ರಿಂದ ಬೆಳೆದ ಯೋಜನೆ-ಕಾರ್ಯಕ್ರಮ-ಆಯವ್ಯಯ ಪದ್ಧತಿಯನ್ನು ಅಧ್ಯಕ್ಷ ಲಿಂಡನ್ ಜಾನ್ಸನ್ 1965ರಲ್ಲಿ ಇತರ ಇಲಾಖೆಗಳಿಗೂ ಅನ್ವಯಿಸಿದರು. ಒಂದು ಯೋಜನೆಯ ಖರ್ಚಿಗೆ ತಕ್ಕ ಲಾಭವಿದೆಯೇ, ಬದಲಿ ಮಾರ್ಗ ಯಾವುದು ಎಂದು ಲೆಕ್ಕ ಹಾಕಬಲ್ಲವರು ಒಮ್ಮೆಗೇ ಬೇಕಾದರು. ಹಳೆಯ ಎಂಪಿಎ ಶಾಲೆಗಳಲ್ಲಿ ಈ ಅರ್ಥಶಾಸ್ತ್ರವಾಗಲಿ ಸಂಖ್ಯಾಶಾಸ್ತ್ರವಾಗಲಿ ಸಾಕಷ್ಟು ಇರಲಿಲ್ಲ.

ಈ ಕೊರತೆಯನ್ನು ತುಂಬಲು ಮಿಷಿಗನ್, ಕಾರ್ನೆಗಿ ಮೆಲನ್, ಬರ್ಕ್ಲಿ, ಹಾರ್ವರ್ಡ್, ಟೆಕ್ಸಸ್ ವಿಶ್ವವಿದ್ಯಾನಿಲಯಗಳಲ್ಲಿ 1960ರ ದಶಕದ ಕೊನೆ ಮತ್ತು 1970ರ ದಶಕದ ಆರಂಭದಲ್ಲಿ ಹೊಸ ಶಾಲೆಗಳು ಅಥವಾ ವ್ಯಾಸಂಗಗಳು ಹುಟ್ಟಿದವು. ರ‍್ಯಾಂಡ್ ಸಂಶೋಧನಾ ಸಂಸ್ಥೆ 1970ರಲ್ಲಿ ತನ್ನದೇ ಸ್ನಾತಕೋತ್ತರ ಶಾಲೆ ತೆರೆಯಿತು. ಫೋರ್ಡ್ ಪ್ರತಿಷ್ಠಾನ ಇಂಥ ಶಾಲೆಗಳಿಗೆ ಹಣ ಒದಗಿಸಿತು. ಎಂಪಿಪಿ ಪದವಿ ಬಂದದ್ದು ಹೀಗೆ.

ಆದರೆ ವಿಶ್ಲೇಷಣೆ ಸರಿಯಿದ್ದರೆ ಫಲವೂ ಸರಿಯಾಗಿರುತ್ತದೆ ಎಂಬ ಭರವಸೆ ಬಹುಕಾಲ ಉಳಿಯಲಿಲ್ಲ. ಬರ್ಕ್ಲಿ ಶಾಲೆಯ ಮೊದಲ ಡೀನ್ ಆರನ್ ವಿಲ್ಡಾವ್‌ಸ್ಕಿ ಮತ್ತು ಜೆಫ್ರಿ ಪ್ರೆಸ್‌ಮನ್ 1973ರಲ್ಲಿ ಓಕ್‌ಲ್ಯಾಂಡ್ ನಗರದ ಉದ್ಯೋಗ ಯೋಜನೆಯೊಂದನ್ನು ಅಧ್ಯಯನ ಮಾಡಿ, ವಾಷಿಂಗ್ಟನ್ನಿನಲ್ಲಿ ಒಪ್ಪಿಗೆಯಾದದ್ದು ಊರಿಗೆ ಇಳಿಯುವಾಗ ಎಷ್ಟು ಕೈಗಳನ್ನು ದಾಟಬೇಕು, ಪ್ರತಿ ಕೈಯಲ್ಲೂ ಎಷ್ಟು ಸೋರುತ್ತದೆ ಎಂದು ತೋರಿಸಿದರು. ಅಲ್ಲಿಂದ ಮುಂದೆ ನೀತಿ ಶಾಲೆಗಳು ಅನುಷ್ಠಾನವನ್ನೂ ನಿರ್ವಹಣೆಯನ್ನೂ ಪಠ್ಯಕ್ಕೆ ಸೇರಿಸಿಕೊಂಡವು. ಎಂಪಿಎ ಶಾಲೆಗಳು ಸಂಖ್ಯಾಶಾಸ್ತ್ರವನ್ನು ಹೆಚ್ಚಿಸಿಕೊಂಡವು. ಹೀಗಾಗಿ ಎರಡು ಪದವಿಗಳ ನಡುವಿನ ಗೆರೆ ಇಂದು ಮಸುಕಾಗಿದೆ. ಹೆಸರನ್ನು ನೋಡಿ ಪಠ್ಯವನ್ನು ಊಹಿಸುವಂತಿಲ್ಲ.

ರಚನೆ ಮತ್ತು ಪಠ್ಯಕ್ರಮ

ಪೂರ್ಣಾವಧಿ ವ್ಯಾಸಂಗ ಸಾಮಾನ್ಯವಾಗಿ ಎರಡು ವರ್ಷದ್ದು, ನಾಲ್ಕು ಸೆಮಿಸ್ಟರ್. ಆಕ್ಸ್‌ಫರ್ಡಿನಲ್ಲಿ ಒಂದೇ ವರ್ಷ. ಮೊದಲ ವರ್ಷದಲ್ಲಿ ಎಲ್ಲರಿಗೂ ಕಡ್ಡಾಯವಾದ ವಿಷಯಗಳು, ನಡುವಿನ ಬೇಸಗೆಯಲ್ಲಿ ಸರ್ಕಾರಿ ಇಲಾಖೆ ಅಥವಾ ಸ್ವಯಂಸೇವಾ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್, ಎರಡನೆಯ ವರ್ಷದಲ್ಲಿ ಐಚ್ಛಿಕ ವಿಷಯಗಳು ಮತ್ತು ಕೊನೆಯ ಯೋಜನಾಕಾರ್ಯ ಎಂಬ ಕ್ರಮ ಹೆಚ್ಚು ಕಡಿಮೆ ಎಲ್ಲೆಡೆ ಕಾಣುತ್ತದೆ.

ಎಂಪಿಪಿಯ ಕಡ್ಡಾಯ ವಿಷಯಗಳಲ್ಲಿ ಸೂಕ್ಷ್ಮ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ವೆಚ್ಚ-ಲಾಭ ವಿಶ್ಲೇಷಣೆ, ಕಾರ್ಯಕ್ರಮಗಳ ಮೌಲ್ಯಮಾಪನ, ರಾಜಕೀಯ ಸಂಸ್ಥೆಗಳು ಮತ್ತು ನೀತಿ-ನೈತಿಕತೆ ಸೇರುತ್ತವೆ. ಎಂಪಿಎಯಲ್ಲಿ ಸಂಘಟನಾ ಸಿದ್ಧಾಂತ, ಸಿಬ್ಬಂದಿ ನಿರ್ವಹಣೆ, ಸಾರ್ವಜನಿಕ ಹಣಕಾಸು, ಆಡಳಿತ ಕಾನೂನು, ಸ್ಥಳೀಯ ಸರ್ಕಾರ ಇವಕ್ಕೆ ಒತ್ತು. ಭಾರತದ ಎಂ.ಎ. ವ್ಯಾಸಂಗದಲ್ಲಿ ಆಡಳಿತ ಚಿಂತಕರು, ತೌಲನಿಕ ಆಡಳಿತ, ಭಾರತೀಯ ಆಡಳಿತ ಎಂಬ ಪತ್ರಿಕೆಗಳು ಪ್ರಧಾನ. ಭಾರತೀಯ ಆಡಳಿತದ ಪಾಠ ಬಹುತೇಕ ಕೌಟಿಲ್ಯನ ಅರ್ಥಶಾಸ್ತ್ರದಿಂದಲೇ ತೊಡಗುತ್ತದೆ. ಆ ಗ್ರಂಥದ ತಾಳೆಯೋಲೆ ಪ್ರತಿ ಬೆಳಕಿಗೆ ಬಂದದ್ದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳಿಂದ; ಅವರು ಅದನ್ನು 1909ರಲ್ಲಿ ಪ್ರಕಟಿಸಿದರು.

ಬೋಧನಾ ವಿಧಾನ

ಪಾಠ ಕೇಳಿ ಪರೀಕ್ಷೆ ಬರೆಯುವುದರ ಜೊತೆಗೆ ಪ್ರಕರಣ ವಿಧಾನ ಈ ಶಾಲೆಗಳ ವೈಶಿಷ್ಟ್ಯ. ನಿಜವಾಗಿ ನಡೆದ ಆಡಳಿತ ಸಂದರ್ಭವೊಂದನ್ನು ತೀರ್ಮಾನದ ಗಳಿಗೆಯವರೆಗೆ ವಿವರಿಸಿ, ಮುಂದೇನು ಮಾಡಬೇಕೆಂದು ವಿದ್ಯಾರ್ಥಿಗಳನ್ನು ಕೇಳುವುದು ಇದರ ರೀತಿ. 1952ರಲ್ಲಿ ಹೆರಾಲ್ಡ್ ಸ್ಟೈನ್ ಸಂಪಾದಿಸಿದ ಪ್ರಕರಣ ಸಂಗ್ರಹ ಇದಕ್ಕೆ ಮಾದರಿ ಒದಗಿಸಿತು. ಕರ್ನಾಟಕದ ಭೂದಾಖಲೆಗಳನ್ನು ಗಣಕಕ್ಕೆ ಏರಿಸಿದ ಭೂಮಿ ಯೋಜನೆ ದೇಶ ವಿದೇಶಗಳ ತರಗತಿಗಳಲ್ಲಿ ಚರ್ಚೆಗೆ ಬಂದ ಪ್ರಕರಣ. ಪಹಣಿಗೆ ಗ್ರಾಮಲೆಕ್ಕಿಗರನ್ನು ಕಾಯುವ ಸ್ಥಿತಿ ತಪ್ಪಿದ್ದು ಅದರ ಒಂದು ಮುಖ. ದಾಖಲೆ ಗಣಕಕ್ಕೆ ಬಂದ ಮೇಲೆ ಅದರಿಂದ ಯಾರಿಗೆ ಹೆಚ್ಚು ಅನುಕೂಲವಾಯಿತು ಎಂಬುದು ಇನ್ನೊಂದು ಮುಖ. ಎರಡನ್ನೂ ಹೇಳಿದಾಗಲೇ ಪಾಠ ಪೂರ್ಣ.

ಕೊನೆಯ ಯೋಜನಾಕಾರ್ಯ ಪ್ರಬಂಧವಲ್ಲ. ಒಂದು ಇಲಾಖೆಯೋ ಸಂಸ್ಥೆಯೋ ಕೊಟ್ಟ ಸಮಸ್ಯೆಗೆ, ಆ ಸಂಸ್ಥೆಯ ಅಧಿಕಾರಿಯೇ ಓದುಗ ಎಂದು ಭಾವಿಸಿ ಬರೆದ ವರದಿ. ಬರ್ಕ್ಲಿಯ ಯೂಜಿನ್ ಬಾರ್ಡಾಕ್ ಇಂಥ ವರದಿಗೆ ಎಂಟು ಹೆಜ್ಜೆಗಳ ಕ್ರಮವನ್ನು ರೂಪಿಸಿದ್ದಾರೆ. ಸಮಸ್ಯೆಯನ್ನು ನಿರೂಪಿಸುವುದು ಮೊದಲನೆಯದು, ಕಥೆಯನ್ನು ಹೇಳುವುದು ಕೊನೆಯದು.

ಬಗೆಗಳು

ಎಂಪಿಎ, ಎಂಪಿಪಿಗಳಲ್ಲದೆ ಸಾರ್ವಜನಿಕ ವ್ಯವಹಾರ, ಸಾರ್ವಜನಿಕ ನಿರ್ವಹಣೆ, ಅಂತರರಾಷ್ಟ್ರೀಯ ವ್ಯವಹಾರ ಎಂಬ ಹೆಸರಿನ ಪದವಿಗಳೂ ಇವೆ. ಹತ್ತು ಹದಿನೈದು ವರ್ಷ ಸೇವೆ ಮಾಡಿದವರಿಗೆ ಎಕ್ಸಿಕ್ಯೂಟಿವ್ ಎಂಪಿಎ ಇದೆ. ಕಾನೂನು, ವ್ಯವಹಾರ ನಿರ್ವಹಣೆ, ನಗರಯೋಜನೆ ಅಥವಾ ಸಾರ್ವಜನಿಕ ಆರೋಗ್ಯದ ಪದವಿಯೊಂದಿಗೆ ಜೋಡಿಯಾಗಿ ಓದುವ ಏರ್ಪಾಡು ಅಮೆರಿಕದಲ್ಲಿ ಸಾಮಾನ್ಯ. ಇವುಗಳ ಮುಂದಿನ ಹಂತ ಪಿಎಚ್.ಡಿ. ಮತ್ತು ವೃತ್ತಿನಿರತರಿಗಾಗಿ ಇರುವ ಡಾಕ್ಟರೇಟ್ ಆದ ಡಿಪಿಎ.

ಇತರ ದೇಶಗಳಲ್ಲಿ

ಫ್ರಾನ್ಸಿನದು ಅಮೆರಿಕಕ್ಕೆ ಪೂರ್ತಿ ಎದುರಾದ ಮಾದರಿ. 1945ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಆಡಳಿತ ಶಾಲೆ, ಅಂದರೆ ಎನಾ, ಪ್ರವೇಶ ಪರೀಕ್ಷೆಯಲ್ಲಿ ಗೆದ್ದವರಿಗೆ ಸರ್ಕಾರದ ಹುದ್ದೆಯ ಭರವಸೆಯೊಂದಿಗೇ ತರಬೇತಿ ಕೊಡುತ್ತಿತ್ತು. ಹೊರಬರುವಾಗಿನ ಶ್ರೇಣಿಯ ಮೇಲೆ ಯಾವ ಹುದ್ದೆ ಎಂಬುದು ನಿಲ್ಲುತ್ತಿತ್ತು. ಅಧ್ಯಕ್ಷರೂ ಪ್ರಧಾನಿಗಳೂ ಅಲ್ಲಿಂದ ಬಂದರು. ಅದು ಗಣ್ಯರ ಕೂಟವಾಯಿತೆಂಬ ಟೀಕೆ ಬೆಳೆದು, ಅಲ್ಲಿಯೇ ಓದಿದ್ದ ಅಧ್ಯಕ್ಷ ಎಮ್ಯಾನುಯೆಲ್ ಮಾಕ್ರನ್ ಅದನ್ನು ಮುಚ್ಚುವುದಾಗಿ ಘೋಷಿಸಿದರು. 2022ರ ಆರಂಭದಿಂದ ಅದರ ಜಾಗದಲ್ಲಿ ಬೇರೊಂದು ರಾಷ್ಟ್ರೀಯ ಸಂಸ್ಥೆ ಇದೆ.

ಎರಡನೇ ಮಹಾಯುದ್ಧದ ನಂತರ ಅಮೆರಿಕದ ನೆರವಿನೊಂದಿಗೆ ಎಂಪಿಎ ಮಾದರಿ ಫಿಲಿಪ್ಪೀನ್ಸ್, ಬ್ರೆಜಿಲ್, ದಕ್ಷಿಣ ಕೊರಿಯಾಗಳನ್ನು ತಲುಪಿತು. ಚೀನಾ 2001ರಲ್ಲಿ ಎಂಪಿಎ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳತೊಡಗಿತು. ಬರ್ಲಿನ್ನಿನ ಹರ್ಟಿ ಶಾಲೆ 2003ರಲ್ಲಿ, ಸಿಂಗಪುರದ ಲೀ ಕುವಾನ್ ಯೂ ಶಾಲೆ 2004ರಲ್ಲಿ ಸ್ಥಾಪನೆಯಾದವು. ಆಕ್ಸ್‌ಫರ್ಡಿನ ಬ್ಲಾವಟ್ನಿಕ್ ಶಾಲೆಯ ಮೊದಲ ತಂಡ ಸೇರಿದ್ದು 2012ರಲ್ಲಿ.

ಭಾರತದಲ್ಲಿ

ಲಖನೌ ವಿಶ್ವವಿದ್ಯಾನಿಲಯ 1930ರಲ್ಲಿ ರಾಜ್ಯಶಾಸ್ತ್ರ ಎಂ.ಎ.ಗೆ ಸಾರ್ವಜನಿಕ ಆಡಳಿತದ ಪತ್ರಿಕೆಯನ್ನು ಸೇರಿಸಿತು. ಮದ್ರಾಸು ವಿಶ್ವವಿದ್ಯಾನಿಲಯ 1937ರಲ್ಲಿ ಡಿಪ್ಲೊಮಾ ಆರಂಭಿಸಿತು. ಪ್ರತ್ಯೇಕ ವಿಭಾಗ ಮೊದಲು ಬಂದದ್ದು ನಾಗಪುರದಲ್ಲಿ, 1949-50ರ ಹೊತ್ತಿಗೆ. ಅಮೆರಿಕದ ಆಡಳಿತ ತಜ್ಞ ಪಾಲ್ ಆಪಲ್‌ಬಿ 1953ರಲ್ಲಿ ಕೊಟ್ಟ ವರದಿಯ ಫಲವಾಗಿ ಮರುವರ್ಷ ದೆಹಲಿಯಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆ ಸ್ಥಾಪನೆಯಾಯಿತು. ಆಪಲ್‌ಬಿ ಆಗ ಮ್ಯಾಕ್ಸ್‌ವೆಲ್ ಶಾಲೆಯ ಡೀನ್ ಆಗಿದ್ದವರು. ಹಾಗಾಗಿ ಸಿರಾಕ್ಯೂಸಿನ ಪ್ರಭಾವ ಭಾರತಕ್ಕೆ ನೇರವಾಗಿಯೇ ಬಂದಿತೆನ್ನಬೇಕು. ಹಿರಿಯ ಅಧಿಕಾರಿಗಳಿಗಾಗಿ ಈ ಸಂಸ್ಥೆ 1975ರಿಂದ ಹತ್ತು ತಿಂಗಳ ವೃತ್ತಿಪರ ಕಾರ್ಯಕ್ರಮ ನಡೆಸುತ್ತ ಬಂದಿದೆ.

ಆದರೂ ಈ ವಿಷಯ ವಿದ್ಯಾರ್ಥಿಗಳನ್ನು ದೊಡ್ಡ ಪ್ರಮಾಣದಲ್ಲಿ ಸೆಳೆದದ್ದು ಪರೀಕ್ಷೆಯಿಂದ. ಕೇಂದ್ರ ಲೋಕಸೇವಾ ಆಯೋಗ 1987ರಲ್ಲಿ ಸಾರ್ವಜನಿಕ ಆಡಳಿತವನ್ನು ನಾಗರಿಕ ಸೇವಾ ಪರೀಕ್ಷೆಯ ಪ್ರತ್ಯೇಕ ಐಚ್ಛಿಕ ವಿಷಯವಾಗಿ ಮಾಡಿತು. ಎಂ.ಎ. ತರಗತಿಗಳ ಪಠ್ಯವೂ ಬಹುಮಟ್ಟಿಗೆ ಆ ಪರೀಕ್ಷೆಯ ಪಠ್ಯವನ್ನೇ ಹೋಲತೊಡಗಿತು. 2013ರಲ್ಲಿ ಐಚ್ಛಿಕ ವಿಷಯಗಳನ್ನು ಎರಡರಿಂದ ಒಂದಕ್ಕೆ ಇಳಿಸಿ ಆಡಳಿತ ಮತ್ತು ನೈತಿಕತೆಯ ಪಾಠಗಳನ್ನು ಸಾಮಾನ್ಯ ಅಧ್ಯಯನಕ್ಕೆ ಸೇರಿಸಿದ ಮೇಲೆ ಈ ಸೆಳೆತ ತಗ್ಗಿತು.

ನೀತಿ ಪದವಿಗಳ ಅಲೆ ಬಂದದ್ದು 21ನೇ ಶತಮಾನದಲ್ಲಿ. ಖಾಸಗಿ ವಿಶ್ವವಿದ್ಯಾನಿಲಯಗಳು, ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ದೆಹಲಿ ಮತ್ತು ಮುಂಬಯಿ ಐಐಟಿಗಳು ಈ ಕ್ಷೇತ್ರಕ್ಕೆ ಇಳಿದವು. ಮಸ್ಸೂರಿಯ ಲಾಲ್ ಬಹಾದುರ್ ಶಾಸ್ತ್ರಿ ಅಕಾಡೆಮಿಯಲ್ಲಿ ತರಬೇತಿ ಮುಗಿಸಿದ ಐಎಎಸ್ ಅಧಿಕಾರಿಗಳಿಗೆ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯ ಸಾರ್ವಜನಿಕ ನಿರ್ವಹಣೆಯ ಎಂ.ಎ. ಕೊಡುತ್ತದೆ. ಇಲ್ಲಿ ಹುದ್ದೆ ಮೊದಲು, ಪದವಿ ಆಮೇಲೆ.

ಕರ್ನಾಟಕದಲ್ಲಿ

ರಾಷ್ಟ್ರಮಟ್ಟದ ಎರಡು ಆಡಳಿತ ಸುಧಾರಣಾ ಆಯೋಗಗಳಿಗೂ ಕರ್ನಾಟಕದವರು ಅಧ್ಯಕ್ಷರಾಗಿದ್ದರು. 1966ರಲ್ಲಿ ನೇಮಕವಾದ ಮೊದಲ ಆಯೋಗವನ್ನು ಮೊರಾರ್ಜಿ ದೇಸಾಯಿ ಅವರ ನಂತರ ಕೆಂಗಲ್ ಹನುಮಂತಯ್ಯ, 2005ರಲ್ಲಿ ರಚನೆಯಾದ ಎರಡನೆಯದನ್ನು ವೀರಪ್ಪ ಮೊಯಿಲಿ ನಡೆಸಿದರು. ಈ ವರದಿಗಳು ಇಂದಿಗೂ ಪಠ್ಯದ ಭಾಗ.

ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆ 2000ದಲ್ಲಿ ಸಾರ್ವಜನಿಕ ನೀತಿ ಕೇಂದ್ರವನ್ನು ಸ್ಥಾಪಿಸಿ, 2002ರಲ್ಲಿ ಸೇವಾನಿರತ ಅಧಿಕಾರಿಗಳಿಗಾಗಿ ನೀತಿ ಮತ್ತು ನಿರ್ವಹಣೆಯ ಸ್ನಾತಕೋತ್ತರ ಕಾರ್ಯಕ್ರಮ ಆರಂಭಿಸಿತು. ಆಗ ಭಾರತೀಯ ನಿರ್ವಹಣಾ ಸಂಸ್ಥೆಗಳಿಗೆ ಪದವಿ ಕೊಡುವ ಅಧಿಕಾರವಿರಲಿಲ್ಲ, ಡಿಪ್ಲೊಮಾ ಮಾತ್ರ; ಆ ಅಧಿಕಾರ 2017ರ ಕಾಯ್ದೆಯಿಂದ ಬಂದಿತು. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ 2014ರಿಂದ ಎರಡು ವರ್ಷದ ಎಂಪಿಪಿ ನಡೆಸುತ್ತಿದೆ. ಕಾನೂನಿನ ಓದಿನೊಂದಿಗೆ ನೀತಿಯ ಓದನ್ನು ಕೂಡಿಸಿರುವುದು ಅದರ ವಿಶೇಷ. ತಕ್ಷಶಿಲಾ ಸಂಸ್ಥೆಯ ಸ್ನಾತಕೋತ್ತರ ಕಾರ್ಯಕ್ರಮ ಉದ್ಯೋಗಸ್ಥರಿಗಾಗಿ ಇರುವುದು, ವಿಶ್ವವಿದ್ಯಾನಿಲಯದ ಪದವಿ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ರಾಜ್ಯಶಾಸ್ತ್ರದೊಂದಿಗೆ ಸೇರಿದ ವಿಭಾಗದಲ್ಲಿ ಸಾರ್ವಜನಿಕ ಆಡಳಿತದ ಬೋಧನೆಯಿದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಈ ವಿಷಯದ ಎಂ.ಎ.ಯನ್ನು ದೂರಶಿಕ್ಷಣದಲ್ಲಿ ಕಲಿಸುತ್ತದೆ.

ಭಾಷೆಯಲ್ಲಿ ಈ ಸಂಸ್ಥೆಗಳು ಎರಡು ಪಂಗಡವಾಗಿವೆ. ಬೆಂಗಳೂರಿನ ನೀತಿ ವ್ಯಾಸಂಗಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ. ರಾಜ್ಯದ ವಿಶ್ವವಿದ್ಯಾನಿಲಯಗಳ ಎಂ.ಎ.ಯನ್ನು ಕನ್ನಡದಲ್ಲಿ ಓದಿ ಬರೆಯುವವರು ಬಹಳ. 1963ರ ರಾಜಭಾಷಾ ಕಾಯ್ದೆಯಂತೆ ರಾಜ್ಯದ ಆಡಳಿತ ಭಾಷೆ ಕನ್ನಡವಾಗಿರುವುದರಿಂದ, ತಾಲ್ಲೂಕು ಕಚೇರಿಯ ಕಡತ ಓದಲು ಬೇಕಾದ ಪರಿಭಾಷೆ ಎರಡನೆಯ ಪಂಗಡಕ್ಕೆ ಹೆಚ್ಚು ಪರಿಚಿತ. ಸಂಖ್ಯಾಶಾಸ್ತ್ರ, ಮೌಲ್ಯಮಾಪನಗಳ ಬೋಧನೆ ಹೆಚ್ಚಾಗಿರುವುದು ಮೊದಲನೆಯದರಲ್ಲಿ.

ಮಾನ್ಯತೆ

ಅಮೆರಿಕದಲ್ಲಿ 1970ರಲ್ಲಿ ರೂಪುಗೊಂಡ ನಾಸ್ಪಾ ಸಂಘ ಶಾಲೆಗಳನ್ನು ಪರಿಶೀಲಿಸಿ ಮಾನ್ಯತೆ ನೀಡುತ್ತದೆ. ಸಾರ್ವಜನಿಕ ಆಡಳಿತದಲ್ಲಿ ಮುಂದಾಳುತನ, ನೀತಿಪ್ರಕ್ರಿಯೆಯಲ್ಲಿ ಪಾಲ್ಗೊಳ್ಳುವಿಕೆ, ವಿಶ್ಲೇಷಣೆ, ಸಾರ್ವಜನಿಕ ಸೇವೆಯ ದೃಷ್ಟಿ, ಬಗೆಬಗೆಯ ಜನರೊಡನೆ ಸಂವಹನ ಎಂಬ ಐದು ಸಾಮರ್ಥ್ಯಗಳನ್ನು ಅದು ಅಪೇಕ್ಷಿಸುತ್ತದೆ. ಯುರೋಪಿನಲ್ಲಿ 1999ರಿಂದ ಇಂಥದೇ ಸಂಘವಿದೆ. ಭಾರತದಲ್ಲಿ ಈ ವಿಷಯಕ್ಕೇ ಮೀಸಲಾದ, ವಕೀಲರ ಪರಿಷತ್ತಿನಂಥ ಶಾಸನಬದ್ಧ ವೃತ್ತಿಮಂಡಳಿ ಇಲ್ಲ.

ಉಪಯೋಗ ಮತ್ತು ಈಗಿನ ಸ್ಥಿತಿ

ಪದವೀಧರರು ಸರ್ಕಾರಿ ಇಲಾಖೆ, ನಗರಾಡಳಿತ, ಸಂಶೋಧನಾ ಸಂಸ್ಥೆ, ಸ್ವಯಂಸೇವಾ ಸಂಸ್ಥೆ, ಸಲಹಾ ಕಂಪನಿ, ವಿಶ್ವಬ್ಯಾಂಕಿನಂಥ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಕೆಲಸ ಮಾಡುತ್ತಾರೆ. ಅಮೆರಿಕದಲ್ಲಿ ಪದವಿಯಿಂದ ಹುದ್ದೆಗೆ ನೇರ ದಾರಿಯಾಗಿದ್ದದ್ದು 1977ರಲ್ಲಿ ಆರಂಭವಾದ, ಅಧ್ಯಕ್ಷರ ಹೆಸರಿನಲ್ಲಿ ಸ್ನಾತಕೋತ್ತರ ಪದವೀಧರರನ್ನು ನೇಮಿಸಿಕೊಳ್ಳುವ ಫೆಲೋಶಿಪ್. ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಫೆಬ್ರವರಿಯಲ್ಲಿ ಆದೇಶ ಹೊರಡಿಸಿ ಅದನ್ನು ಕೊನೆಗೊಳಿಸಿದರು.

ಭಾರತದಲ್ಲಿ ಸರ್ಕಾರದೊಳಗಿನ ಅವಕಾಶ ಬಹುಮಟ್ಟಿಗೆ ತಾತ್ಕಾಲಿಕ ಫೆಲೋಶಿಪ್‌ಗಳಿಗೆ ಸೀಮಿತ. ಸಂಸದರಿಗೆ ಸಂಶೋಧನಾ ಸಹಾಯಕರನ್ನು ಒದಗಿಸುವ ಲ್ಯಾಂಪ್ ಫೆಲೋಶಿಪ್, ಜಿಲ್ಲೆಗಳಲ್ಲಿ ಕೌಶಲಾಭಿವೃದ್ಧಿಗೆ ನೆರವಾದ ಮಹಾತ್ಮ ಗಾಂಧಿ ರಾಷ್ಟ್ರೀಯ ಫೆಲೋಶಿಪ್ ಇವುಗಳಿಗೆ ಉದಾಹರಣೆ. ಹೊರಗಿನ ತಜ್ಞರನ್ನು ಜಂಟಿ ಕಾರ್ಯದರ್ಶಿ ಮಟ್ಟಕ್ಕೆ ನೇರವಾಗಿ ತೆಗೆದುಕೊಳ್ಳುವ ಪದ್ಧತಿಯನ್ನು ಕೇಂದ್ರ ಸರ್ಕಾರ 2018ರ ಪ್ರಕಟಣೆಯಿಂದ ವಿಸ್ತರಿಸಿತು. 2024ರ ಆಗಸ್ಟಿನಲ್ಲಿ 45 ಹುದ್ದೆಗಳಿಗೆ ಹೊರಡಿಸಿದ ಪ್ರಕಟಣೆಯನ್ನು, ಮೀಸಲಾತಿ ಇಲ್ಲದ್ದಕ್ಕೆ ವಿರೋಧ ಬಂದ ಮೇಲೆ, ಹಿಂತೆಗೆದುಕೊಂಡಿತು. ನಾಗರಿಕ ಸೇವಾ ಪರೀಕ್ಷೆಗಾಗಲಿ ಕರ್ನಾಟಕ ಲೋಕಸೇವಾ ಆಯೋಗ ನಡೆಸುವ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆಗಾಗಲಿ ಅರ್ಜಿ ಹಾಕಲು ಮಾನ್ಯತೆ ಪಡೆದ ವಿಶ್ವವಿದ್ಯಾನಿಲಯದ ಯಾವ ವಿಷಯದ ಮೊದಲ ಪದವಿಯಾದರೂ ಸಾಕು.